ನಾಯಿಗೂ ಒಂದು ಬಾಣಂತನ

(ಮುಧೋಳ ತಾಲೂಕಿನ ಒಂದು ಹಳ್ಳಿಯಲ್ಲಿ, ನಾಯಿ ಸಾಕುವ ಮನೆಯವರ ಮುಂದೆ ಪಶುವೈದ್ಯನಾಗಿ ನಾನು ಆಡಿದ ಮಾತಿನ ಬರಹ ರೂಪ. ಆಡಿದ್ದನ್ನು ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಈ ಊರಿಗೆ ಬಂದು ನಾಯಿ ಸಾಕುವುದು ಹೇಗೆಂದು ಹೇಳುವುದು ಬೆಳಗಾವಿಗೆ ಹೋಗಿ ಕುಂದಾ ಮಾಡುವುದನ್ನು ಕಲಿಸಿದ ಹಾಗೆ. ನಿಮ್ಮ ಮುಧೋಳ ನಾಯಿಯ ಪರಿಚಯವನ್ನು ನಾನು ಹೇಳಬೇಕಿಲ್ಲ. ಮುಧೋಳದ ಘೋರ್ಪಡೆ ಅರಸರ ಕಾಲದಿಂದ ಹೆಸರು ಮಾಡಿದ ನಾಯಿ ಅದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ತಳಿಯ ಬಗ್ಗೆ ವಿಚಾರಿಸಬೇಕೆಂದರೆ ಇಲ್ಲೇ ತಿಮ್ಮಾಪುರದಲ್ಲಿ ಅದಕ್ಕೆಂದೇ ಕೇಂದ್ರವಿದೆ. ನಾನು ಬಂದಿರುವುದು ಬರೀ ಹೊಟ್ಟೆಯ ವಿಷಯ ಮಾತಾಡಲು. ತಾಯಿಯ ಹೊಟ್ಟೆ, ಆಮೇಲೆ ಮರಿಯ ಹೊಟ್ಟೆ.

ಮೊದಲು ನಮ್ಮ ಮನೆಗಳ ಬಾಣಂತನ ನೆನಪಿಸಿಕೊಳ್ಳಿ. ಅಂಟಿನುಂಡಿ ಯಾವಾಗ ಕಟ್ಟುತ್ತೀರಿ? ಮಗಳು ಹಡೆದ ಮೇಲೆ. ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಅಂಟು ಎಲ್ಲಾ ಬಾಣಂತಿಗೆ. ಹಡೆದವಳ ಮೈಯಿಂದ ದಿನಾ ಹಾಲು ಹೊರಗೆ ಹೋಗುತ್ತದೆ, ಅಷ್ಟು ಒಳಗೆ ಹೋಗಬೇಕು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಾಯಿಯ ವಿಷಯಕ್ಕೆ ಬಂದರೆ ಇದೇ ಮನೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಗಬ್ಬವಾದ ದಿನದಿಂದ ನಾಯಿಗೆ ಉಪಚಾರವೋ ಉಪಚಾರ. ಈದ ಮರುದಿನದಿಂದ ಎಲ್ಲರ ಕಣ್ಣು ಮರಿಗಳ ಮೇಲೆ. ಎಷ್ಟು ಗಂಡು, ಎಷ್ಟು ಹೆಣ್ಣು, ಪುಣೆಯವರು ಎಷ್ಟು ಕೊಟ್ಟಾರು! ತಾಯಿಗೆ ಅದೇ ಎರಡು ರೊಟ್ಟಿ, ಅದೇ ಒಂದು ಬಟ್ಟಲು ಹಾಲು. ನಾನು ನೋಡಿದ ಹತ್ತು ತೊಂದರೆಗಳಲ್ಲಿ ಏಳೆಂಟು ಹುಟ್ಟುವುದು ಇಲ್ಲಿಂದಲೇ.

ಗಬ್ಬದ ಲೆಕ್ಕ ಹೀಗಿದೆ. ಕೂಡಿಸಿದ ದಿನದಿಂದ ಸುಮಾರು 63 ದಿನ. 58ಕ್ಕೂ ಈಯಬಹುದು, 68ಕ್ಕೂ ಈಯಬಹುದು. ಮೊದಲ ಐದು ವಾರ ಹೊಟ್ಟೆಯೊಳಗಿನ ಮರಿಗಳು ತೀರಾ ಚಿಕ್ಕವು. ಆಗ ಹೆಚ್ಚು ಹಾಕಿದ್ದು ಮರಿಗೆ ಹೋಗುವುದಿಲ್ಲ, ತಾಯಿಯ ಮೈಗೆ ಕೊಬ್ಬಾಗುತ್ತದೆ. ಕೊಬ್ಬಿದ ನಾಯಿ ಈಯಲು ಒದ್ದಾಡುತ್ತದೆ. ಮೂರು-ನಾಲ್ಕನೇ ವಾರದಲ್ಲಿ ಕೆಲವು ನಾಯಿಗಳು ಎರಡು ದಿನ ಅನ್ನ ಮೂಸಿ ಬಿಡುತ್ತವೆ. ಬಯಕೆಯ ಸಂಕಟ ಅಂದುಕೊಳ್ಳಿ, ಗಾಬರಿ ಬೇಡ. ಮರಿಗಳ ತೂಕದ ಮುಕ್ಕಾಲು ಪಾಲು ಬರುವುದು ಕೊನೆಯ ಮೂರು ವಾರಗಳಲ್ಲಿ. ಆರನೇ ವಾರದಿಂದ ಊಟವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ, ಈಯುವ ಹೊತ್ತಿಗೆ ಮೊದಲಿನ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಪಟ್ಟಿಗೆ ತಂದರೆ ಸಾಕು. ಹೊಟ್ಟೆಯಲ್ಲಿ ಮರಿಗಳೇ ಜಾಗ ಹಿಡಿದಿರುತ್ತವೆ, ಒಂದೇ ಸಲ ತುಂಬಾ ತಿನ್ನಲಾಗದು. ಮೂರ್ನಾಲ್ಕು ಹೊತ್ತು ಹಂಚಿ ಹಾಕಿ.

ಈಗ ಕ್ಯಾಲ್ಸಿಯಂ ಬಾಟಲಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಕೌದಿ ಹಾಸಿ ಒಂದು ಹೆಣ್ಣು ನಾಯಿಯನ್ನು ಮಲಗಿಸಿಕೊಂಡು ಬಂದರು. ಈದು ಹದಿನೆಂಟು ದಿನ, ಏಳು ಮರಿ. ನಾಲ್ಕೂ ಕಾಲು ಕಟ್ಟಿಗೆಯಂತೆ ಸೆಟೆದಿದ್ದವು, ಬಾಯಲ್ಲಿ ಜೊಲ್ಲು, ತೇಕು ನಿಲ್ಲುತ್ತಿಲ್ಲ. ಥರ್ಮಾಮೀಟರ್ ಇಟ್ಟರೆ 106 ಡಿಗ್ರಿ. ‘ವಿಷ ಹಾಕ್ಯಾರ್ರೀ ಯಾರೋ’ ಅಂದ ಹುಡುಗ. ವಿಷ ಅಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಬರಿದಾಗಿತ್ತು. ‘ಹೆಂಗ್ ಬರಿದಾಗ್ತೈತ್ರಿ? ಗಬ್ಬ ಆದಾಗಿಂದ ದಿನಾ ಎರಡ ಚಮಚ ಕುಡಿಸೀವಿ’ ಅಂದರು ಮನೆಯವರು. ಕುಡಿಸಿದ್ದೇ ಕಾರಣ!

ಕುತ್ತಿಗೆಯ ಹತ್ತಿರ ಪ್ಯಾರಾಥೈರಾಯ್ಡ್ ಎಂಬ ಸಣ್ಣ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಎಲುಬಿನ ಉಗ್ರಾಣದಿಂದ ತೆಗೆದು ಕೊಡು ಎಂದು ಹುಕುಂ ಮಾಡುವುದು ಅವುಗಳ ಕೆಲಸ. ಎರಡು ತಿಂಗಳು ದಿನಾ ಹೊರಗಿನಿಂದ ಬಾಟಲಿ ಸುರಿದರೆ ಉಗ್ರಾಣದ ಕಾವಲುಗಾರ ನಿದ್ದೆಗೆ ಬೀಳುತ್ತಾನೆ. ಮರಿಗಳು ಬೆಳೆದು ಹಾಲಿನ ಬೇಡಿಕೆ ಒಮ್ಮೆಲೇ ಏರಿದಾಗ ಅವನಿಗೆ ಎಚ್ಚರವಾಗುವುದಿಲ್ಲ. ಕಾಯಿಲೆ ಕಾಣಿಸುವುದು ಹೆಚ್ಚಾಗಿ ಈದ ಒಂದರಿಂದ ನಾಲ್ಕು ವಾರದೊಳಗೆ. ಮೊದಮೊದಲು ಸುಮ್ಮನೆ ಚಡಪಡಿಕೆ, ಮರಿಗಳ ಕಡೆ ಅಲಕ್ಷ್ಯ, ಮುಖ ಉಜ್ಜಿಕೊಳ್ಳುವುದು, ನಡೆಯುವಾಗ ಬಿಗಿತ. ಆವತ್ತೇ ಕರೆತಂದರೆ ಸುಲಭ. ಸೆಟೆದ ಮೇಲೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಆ ರಾತ್ರಿ ನಾನು ಮಾಡಿದ್ದು ಇಷ್ಟೆ: ರಕ್ತನಾಳಕ್ಕೆ ಕ್ಯಾಲ್ಸಿಯಂ, ಹನಿಹನಿಯಾಗಿ, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟುಕೊಂಡು. ಅವಸರ ಮಾಡಿದರೆ ಹೃದಯ ನಿಲ್ಲುತ್ತದೆ. ಕಾಲು ಗಂಟೆಯಲ್ಲಿ ಕಾಲು ಸಡಿಲಾದವು. ನಾಯಿ ತಲೆ ಎತ್ತಿ ಮೊದಲು ಹುಡುಕಿದ್ದು ಮರಿಗಳನ್ನು. ಕೊಡಲಿಲ್ಲ. ಒಂದು ದಿನ ಮೊಲೆಯಿಂದ ದೂರ ಇಡಿಸಿದೆ.

ಗಬ್ಬದಲ್ಲಿ ವೈದ್ಯರು ಹೇಳದೆ ಕ್ಯಾಲ್ಸಿಯಂ ಕುಡಿಸಬೇಡಿ ಅನ್ನುವುದು ಅದಕ್ಕೆ. ಈದ ಮೇಲೆ ಬೇಕಾಗಬಹುದು, ಆಗ ಕೇಳಿ, ಹೇಳುತ್ತೇವೆ.

ಜಂತುಹುಳುವಿನದು ಇನ್ನೊಂದು ಕಥೆ. ತಾಯಿಯ ಮಾಂಸದೊಳಗೆ ದುಂಡುಹುಳುವಿನ ಮರಿಗಳು ವರ್ಷಗಟ್ಟಲೆ ನಿದ್ದೆಯಲ್ಲಿರುತ್ತವೆ. ಗಬ್ಬದ ಕೊನೆಯ ವಾರಗಳಲ್ಲಿ ಎದ್ದು, ಮಾಸಿನ ಮೂಲಕ ಹೊಟ್ಟೆಯೊಳಗಿನ ಮರಿಯನ್ನು ಸೇರುತ್ತವೆ. ಕೊಕ್ಕೆಹುಳು ಹಾಲಿನಲ್ಲೇ ಬರುತ್ತದೆ. ಅಂದರೆ ಮಣ್ಣು ಮುಟ್ಟದ ಮರಿಗೂ ಹುಳು ಇರುತ್ತದೆ. ಎರಡನೇ ವಾರದಿಂದಲೇ ಔಷಧಿ ಶುರುಮಾಡಿ, ಎರಡೆರಡು ವಾರಕ್ಕೊಮ್ಮೆ ಎರಡು ತಿಂಗಳವರೆಗೆ ಕೊಡಿಸಿ. ತಾಯಿಗೂ ಜೊತೆಯಲ್ಲೇ. ಡೊಳ್ಳು ಹೊಟ್ಟೆಯ ಮರಿ ‘ದುಂಡಗೈತಿ, ಚಂದೈತಿ’ ಅಂತ ಹೆಚ್ಚು ಬೆಲೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಕೊಂಡವನು ದುಡ್ಡು ಕೊಟ್ಟದ್ದು ಹುಳುವಿಗೆ.

ಈಯುವ ಹೊತ್ತಿಗೆ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ, ಔಷಧಿ ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಸಾಕು. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ. ದಿನಕ್ಕೆ ಎರಡು ಸಲ ನೋಡುತ್ತಿದ್ದರೆ ಒಂದು ದಿನ 99ಕ್ಕಿಂತ ಕೆಳಗೆ ಇಳಿಯುತ್ತದೆ. ಆಮೇಲೆ ಹೆಚ್ಚುಕಡಿಮೆ ಒಂದು ದಿನದೊಳಗೆ ಈಯುತ್ತದೆ. ಆಗ ಊಟ ಬಿಡುತ್ತದೆ, ಮೂಲೆ ಕೆದರುತ್ತದೆ, ತೇಕುತ್ತದೆ. ಸುತ್ತ ಜನ ನಿಲ್ಲಬೇಡಿ. ಬಲವಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡು ಗಂಟೆ ಮೀರಿದರೆ, ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಕಂಡರೆ ಕೂಡಲೇ ಫೋನ್ ಮಾಡಿ. ಎಮ್ಮೆಗೆ ಹಾಲು ಇಳಿಸಲು ಕದ್ದುಮುಚ್ಚಿ ಚುಚ್ಚುವ ಔಷಧಿ ಕೆಲವರ ಮನೆಯಲ್ಲಿರುತ್ತದೆ. ಇಲ್ಲಿ ಯಾರ ಮುಖವನ್ನೂ ನೋಡಿ ಹೇಳುತ್ತಿಲ್ಲ. ಅದನ್ನು ನಾಯಿಗೆ ಚುಚ್ಚಬೇಡಿ. ಮರಿ ಅಡ್ಡ ಸಿಕ್ಕಿಕೊಂಡಿದ್ದಾಗ ಆ ಔಷಧಿ ಗರ್ಭಕೋಶವನ್ನು ಹಿಂಡಿದರೆ ಗರ್ಭಕೋಶವೇ ಹರಿದುಹೋಗಬಹುದು.

ಮರಿ ಬಂತು. ಇನ್ನು ಬಿಸಿ, ಆಮೇಲೆ ಹಾಲು. ಈ ಕ್ರಮ ನಾನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಕಲಿತದ್ದು ಮಾತ್ರ ಒಂದು ಮರಿಯನ್ನು ಕಳೆದುಕೊಂಡು. ಕೆಲಸಕ್ಕೆ ಸೇರಿದ ಹೊಸತು, ಡಿಸೆಂಬರ್ ಚಳಿಯ ಬೆಳಗು. ಒಬ್ಬ ಹೆಣ್ಣುಮಗಳು ಸೆರಗಿನಲ್ಲಿ ಎರಡು ದಿನದ ಮರಿ ತಂದಳು. ತಾಯಿ ಪಕ್ಕಕ್ಕೆ ಸರಿಸಿಬಿಟ್ಟಿದ್ದ ಮರಿ, ಅಂಗೈಯಲ್ಲಿಟ್ಟರೆ ಕಪ್ಪೆಯಷ್ಟು ತಣ್ಣಗೆ. ಬಾಯಿ ಮಾತ್ರ ಆಡಿಸುತ್ತಿತ್ತು. ಹಸಿದಿದೆ ಅಂದುಕೊಂಡು ನಾನೇ ಡ್ರಾಪರ್‌ನಲ್ಲಿ ಬೆಚ್ಚಗಿನ ಆಕಳ ಹಾಲು ಬಿಟ್ಟೆ. ನಾಲ್ಕು ಹನಿ ನುಂಗಿತು, ಐದನೆಯದು ಮೂಗಿನಿಂದ ಬಂತು. ಮಧ್ಯಾಹ್ನದೊಳಗೆ ಸತ್ತಿತು. ಆ ಹೆಣ್ಣುಮಗಳು ನನ್ನನ್ನು ಏನೂ ಅನ್ನಲಿಲ್ಲ, ಮತ್ತೆ ಸೆರಗಿನಲ್ಲೇ ಕಟ್ಟಿಕೊಂಡು ಹೋದಳು.

ಹುಟ್ಟಿದ ಮರಿಗೆ ನಡುಗಲು ಬರುವುದಿಲ್ಲ. ನಮಗೆ ಚಳಿಯಾದರೆ ನಡುಗಿ ಬಿಸಿ ಮಾಡಿಕೊಳ್ಳುತ್ತೇವೆ. ಅದಕ್ಕೆ ತಾಯಿಯ ಮೈ, ಅಣ್ಣತಮ್ಮಂದಿರ ಮೈ ಬಿಟ್ಟರೆ ಬೇರೆ ಒಲೆಯಿಲ್ಲ. ಮೈ ತಣ್ಣಗಾದರೆ ಕರುಳು ನಿಂತುಬಿಡುತ್ತದೆ, ಹಾಕಿದ ಹಾಲು ಅಲ್ಲೇ ಕೆಡುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ತಣ್ಣಗಿನ ಮರಿ ಸಿಕ್ಕರೆ ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಳ್ಳಿ. ಒಂದೆರಡು ಗಂಟೆ ಹಿಡಿಯಲಿ, ನಿಧಾನವಾಗಿ ಬಿಸಿಯಾಗಲಿ. ಕುಯ್ಗುಟ್ಟಿ ಮೂತಿಯಿಂದ ಹುಡುಕಲು ಶುರುಮಾಡಿದ ಮೇಲೆ ತಾಯಿಯ ಮೊಲೆಗೆ ಹಿಡಿಸಿ. ಮೊದಲ ವಾರ ಮರಿಗಳ ಜಾಗ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಇಲ್ಲಿನ ಏಪ್ರಿಲ್‌ನಲ್ಲಿ ಅದಕ್ಕೆ ಏನೂ ಮಾಡಬೇಕಿಲ್ಲ, ನೆರಳು ಮಾಡಿದರೆ ಸಾಕು. ಚಳಿಗಾಲದಲ್ಲಿ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಬದಿಗಿಡಿ. ಬೇಕಾದ ಮರಿ ಹತ್ತಿರ ಬರುತ್ತದೆ, ಸಾಕಾದದ್ದು ಸರಿಯುತ್ತದೆ. ಕೌದಿ ಹಾಸಬೇಡಿ. ಮಡಿಕೆಯೊಳಗೆ ಮರಿ ಸೇರಿಕೊಂಡರೆ ತಾಯಿ ಕಾಣದೆ ಅದರ ಮೇಲೇ ಮಲಗುತ್ತದೆ. ಗೋಣಿಚೀಲದ ದಾರವೂ ಕಾಲಿಗೆ ಸುತ್ತುತ್ತದೆ. ಬಿಗಿಯಾಗಿ ಹಾಸಿದ ಹಳೆಯ ಧೋತರ ಒಳ್ಳೆಯದು.

ಗಿಣ್ಣದ ಹಾಲು ಆಕಳ ಕರುವಿಗೆ ಎಷ್ಟು ಮುಖ್ಯ ಅನ್ನುವುದು ನಿಮಗೆ ಹೇಳಬೇಕಿಲ್ಲ. ಮರಿಗೂ ಅಷ್ಟೇ, ಮೊದಲ 24 ಗಂಟೆಯೊಳಗೆ. ಆಮೇಲೆ ಕರುಳಿನ ಬಾಗಿಲು ಮುಚ್ಚುತ್ತದೆ, ತಾಯಿಯ ರೋಗನಿರೋಧಕ ಶಕ್ತಿ ಒಳಗೆ ಹೋಗುವುದಿಲ್ಲ.

ಇನ್ನು ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಬರುತ್ತದಲ್ಲ, ಅದನ್ನು ಕೊಳ್ಳಿ. ಮರಿಗಳೆಲ್ಲ ಒಂದೇ ಬಣ್ಣವಾದರೆ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ಉಣ್ಣೆಯ ದಾರ ಸಡಿಲಾಗಿ ಕಟ್ಟಿ, ಎರಡು ದಿನಕ್ಕೊಮ್ಮೆ ಬಿಚ್ಚಿ ಕಟ್ಟಿ. ಇಲ್ಲವಾದರೆ ಮರಿ ಬೆಳೆದು ದಾರ ಉರುಳಾಗುತ್ತದೆ. ದಿನಾ ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರ್ ಮೇಲೆ ಬರೆಯಿರಿ. 350 ಗ್ರಾಂ ಹುಟ್ಟಿದ್ದು ಎಂಟು-ಹತ್ತು ದಿನಕ್ಕೆ 700 ಆಗಬೇಕು. ಮೊದಲ ದಿನ ಸ್ವಲ್ಪ ಇಳಿಯಬಹುದು. ಎರಡನೇ ದಿನವೂ ಇಳಿದರೆ ಏನೋ ಆಗಿದೆ, ಮರಿ ಅಳುವ ಮೊದಲೇ ತಕ್ಕಡಿ ಹೇಳುತ್ತದೆ. ಎಲ್ಲಾ ಮರಿಗಳ ತೂಕವೂ ಒಟ್ಟಿಗೆ ನಿಂತರೆ ದೋಷ ಮರಿಯದಲ್ಲ. ತಾಯಿಯ ತಟ್ಟೆ ನೋಡಿ.

ಬಾಣಂತನ ಅಂದೆನಲ್ಲ, ಅದು ಇದೇ. ಹಾಲು ತುಂಬಿ ಹರಿಯುವ ಮೂರು-ನಾಲ್ಕನೇ ವಾರದಲ್ಲಿ ತಾಯಿಗೆ ಮಾಮೂಲಿನ ಎರಡರಿಂದ ನಾಲ್ಕು ಪಟ್ಟು ಆಹಾರ ಬೇಕು. ಏಳೆಂಟು ಮರಿಗಳಿದ್ದರೆ ನಾಲ್ಕರ ಹತ್ತಿರ. ನಾಲ್ಕು ಪಟ್ಟು ರೊಟ್ಟಿ ಹಾಕುತ್ತೇನೆ ಅಂದರೆ ಅಷ್ಟನ್ನು ಇಟ್ಟುಕೊಳ್ಳಲು ಹೊಟ್ಟೆಯಲ್ಲಿ ಜಾಗವಿಲ್ಲ. ಗಟ್ಟಿ ಆಹಾರ ಬೇಕು. ಕೊಳ್ಳುವ ಶಕ್ತಿ ಇದ್ದವರು ಮರಿಗಳಿಗೆಂದು ಮಾಡಿದ ಪ್ಯಾಕೆಟ್ ಆಹಾರವನ್ನೇ ತಾಯಿಗೆ ಹಾಕಿ, ಈ ಕಾಲಕ್ಕೆ ಅದು ಸರಿ. ಇಲ್ಲದವರು ಜೋಳದ ನುಚ್ಚಿನ ಜೊತೆ ಬೇಯಿಸಿದ ಮೊಟ್ಟೆ, ಕೋಳಿಯ ಮಾಂಸ-ಲಿವರ್, ಮೊಸರು, ಒಂದು ಚಮಚ ಎಣ್ಣೆ ಹಾಕಿ. ಲಿವರ್ ಸ್ವಲ್ಪವೇ ಇರಲಿ. ದಿನಕ್ಕೆ ನಾಲ್ಕು ಹೊತ್ತು, ರಾತ್ರಿ ಮಲಗುವ ಮುಂಚೆ ಒಂದು ಸೇರಿಸಿ. ನೀರಿನ ಬೋಗುಣಿ ಮರಿಗಳ ಪಕ್ಕದಲ್ಲೇ ಇರಲಿ. ಮರಿ ಬಿಟ್ಟು ಹಿತ್ತಲಿಗೆ ಹೋಗಿ ಕುಡಿಯುವ ತಾಯಿ ಕಡಿಮೆ ಕುಡಿಯುತ್ತದೆ. ದನಕ್ಕೆ ಹಚ್ಚುವ ಉಣ್ಣಿ ಔಷಧಿಯನ್ನು ಹಾಲೂಡಿಸುವ ನಾಯಿಗೆ ಹಚ್ಚಬೇಡಿ, ಮರಿಗಳು ಅದನ್ನೇ ನೆಕ್ಕುತ್ತವೆ.

ಇಲ್ಲಿ ಒಬ್ಬರು ಎದ್ದು ನಿಂತು, ‘ಹಂಗಾದ್ರ ಅಂಟಿನುಂಡೀನ ಹಾಕಬಹುದಲ್ರಿ?’ ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ನನ್ನ ಮಾತು ಕೇಳಿ ಯಾರಾದರೂ ನಿಜವಾಗಿ ಹಾಕಿಬಿಟ್ಟಾರು. ಅಂಟಿನುಂಡಿಯಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ, ಕೆಲವು ನಾಯಿಗಳಿಗೆ ಸ್ವಲ್ಪ ತಿಂದರೂ ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ರಕ್ತಕ್ಕೆ ಕೆಟ್ಟದ್ದು, ಚಾಕೊಲೇಟ್ ಹೃದಯಕ್ಕೆ. ಮನೆಯ ಸಾರು-ಪಲ್ಯ ಕಲಸಿ ಹಾಕುವವರು ಉಳ್ಳಾಗಡ್ಡಿಯನ್ನು ನೆನಪಿಡಿ.

ಹತ್ತರಿಂದ ಹದಿನಾಲ್ಕು ದಿನಕ್ಕೆ ಮರಿ ಕಣ್ಣು ಬಿಡುತ್ತದೆ. ಮೂರೂವರೆ ವಾರದ ಹೊತ್ತಿಗೆ ತಾಯಿ ತಾನು ತಿಂದದ್ದನ್ನು ಮರಿಗಳ ಮುಂದೆ ಕಾರಿಕೊಂಡರೆ ಕಾಯಿಲೆ ಅಂದುಕೊಂಡು ಓಡಿಬರಬೇಡಿ. ಇನ್ನು ನೀವು ಮರಿಗಳಿಗೆ ಊಟ ಶುರುಮಾಡಬಹುದು ಅನ್ನುವ ಸೂಚನೆ ಅದು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಗಂಜಿಯ ಹದಕ್ಕೆ ಕಲಸಿ ಇಡಿ. ಮೊದಲ ದಿನ ನಾಲ್ಕೂ ಕಾಲು ತಟ್ಟೆಯಲ್ಲಿ, ಮೂಗಿನ ತುದಿಯಲ್ಲಿ ಗಂಜಿ, ಒಂದರ ಬೆನ್ನನ್ನು ಇನ್ನೊಂದು ನೆಕ್ಕುತ್ತಿರುತ್ತದೆ. ಹೊಟ್ಟೆಗೆ ಹೋಗುವುದು ಒಂದು ಚಮಚ. ಪರವಾಗಿಲ್ಲ. ದಿನದಿನಕ್ಕೆ ಗಟ್ಟಿ ಮಾಡುತ್ತ ಆರರಿಂದ ಎಂಟು ವಾರಕ್ಕೆ ಹಾಲು ಬಿಡಿಸಿ.

ಆಕಳ ಹಾಲಿನ ಬಗ್ಗೆ ಯಾವಾಗಲೂ ಕೇಳುತ್ತೀರಿ. ನಾಯಿಯ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಆಕಳ ಹಾಲಿನ ಎರಡು ಪಟ್ಟು, ಹಾಲಿನ ಸಕ್ಕರೆ ಮಾತ್ರ ಕಡಿಮೆ. ಆಕಳ ಹಾಲು ಮರಿಗೆ ಒಂದು ಕಡೆ ಸಾಲುವುದಿಲ್ಲ, ಇನ್ನೊಂದು ಕಡೆ ಭೇದಿ ಮಾಡಿಸುತ್ತದೆ. ತಬ್ಬಲಿ ಮರಿಯಾದರೆ ಊರಲ್ಲಿ ಬೇರೆ ಈದ ನಾಯಿ ಇದೆಯೇ ನೋಡಿ. ಇದು ನಿಮ್ಮ ಹಿರಿಯರ ಪದ್ಧತಿ, ಅದಕ್ಕಿಂತ ಒಳ್ಳೆಯದು ಇಲ್ಲ. ಸಿಗದಿದ್ದರೆ ನಾಯಿಮರಿಗೆಂದೇ ಬರುವ ಹಾಲಿನ ಪುಡಿ. ಕುಡಿಸುವಾಗ ಕೂಸಿನಂತೆ ಅಂಗಾತ ಹಿಡಿಯಬೇಡಿ. ಹೊಟ್ಟೆ ಕೆಳಗೆ ಮಾಡಿ, ತಲೆ ಸ್ವಲ್ಪ ಮೇಲೆತ್ತಿ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಕೆಳಗೆ ಒರೆಸಿ, ತಾಯಿ ನೆಕ್ಕದಿದ್ದರೆ ಎಳೆ ಮರಿಗೆ ತಾನಾಗಿ ಮೂತ್ರ ಹೋಗುವುದಿಲ್ಲ.

ಬೆಳೆಯುವ ಮರಿಯ ಕಾಲು ಸೊಟ್ಟಗಾದರೆ ಬಿಸಿಲಿಗೆ ಕಟ್ಟುವ ರೂಢಿ ಇದೆ. ನಮ್ಮ ಚರ್ಮ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡಿಕೊಳ್ಳುತ್ತದೆ, ನಾಯಿಯ ಚರ್ಮ ಬೇಕಾದಷ್ಟು ಮಾಡಿಕೊಳ್ಳಲಾರದು. ಅದಕ್ಕೆ ತಟ್ಟೆಯಿಂದಲೇ ಸಿಗಬೇಕು. ಮಾಂಸವನ್ನಷ್ಟೇ ಹಾಕಿ ಬೆಳೆಸಿದ ಮರಿಗಳ ಎಲುಬು ಸುಣ್ಣವಿಲ್ಲದೆ ಮೆತ್ತಗಾಗುತ್ತದೆ, ಮಾಂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪ್ಯಾಕೆಟ್ ಆಹಾರದ ಮೇಲೆ ಟಾನಿಕ್ ಸುರಿದು ಬೆಳೆಸಿದವುಗಳ ಕೀಲು ಕೆಡುವುದು ಕ್ಯಾಲ್ಸಿಯಂ ಹೆಚ್ಚಾಗಿ. ಉದ್ದ ಕಾಲಿನ ನಾಯಿಗೆ ಎರಡೂ ಅಪಾಯ. ಮನೆಯ ಊಟ ಹಾಕುವವರು ಮೊಟ್ಟೆಯ ಸಿಪ್ಪೆ ಪುಡಿಯ ಅಳತೆಯನ್ನು ನನ್ನ ಹತ್ತಿರ ಬಂದು ಕೇಳಿ, ಮರಿಯ ತೂಕ ನೋಡಿ ಹೇಳುತ್ತೇನೆ. ಬೇಯಿಸಿದ ಎಲುಬು ಮಾತ್ರ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ.

ಮೂರು ತಿಂಗಳವರೆಗೆ ನಾಲ್ಕು ಹೊತ್ತು, ಆರರವರೆಗೆ ಮೂರು, ಆಮೇಲೆ ಜೀವನಪೂರ್ತಿ ಎರಡು ಹೊತ್ತು.

ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರು, ಮೂರು-ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ. ‘ಒಂದು ಹಾಕಿಸಿದ್ದೆವಲ್ಲ, ಆದರೂ ಪಾರ್ವೊ ಬಂತು’ ಅನ್ನುತ್ತಾರೆ. ಗಿಣ್ಣದಲ್ಲಿ ಬಂದ ತಾಯಿಯ ಶಕ್ತಿ ಮರಿಯ ರಕ್ತದಲ್ಲಿ ಇನ್ನೂ ಇರುವಾಗ ಅದು ಲಸಿಕೆಯನ್ನೇ ಅಡಗಿಸುತ್ತದೆ. ಯಾವ ಮರಿಯಲ್ಲಿ ಯಾವ ವಾರ ಅದು ಕರಗುತ್ತದೆಂದು ಹೊರಗಿನಿಂದ ತಿಳಿಯದು. ಹಾಗಾಗಿ ಮತ್ತೆ ಮತ್ತೆ ಹಾಕುವುದು. ಪಾರ್ವೊ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಯಲ್ಲೂ ಮನೆಗೆ ಬರುತ್ತದೆ. ರಕ್ತಭೇದಿ ಕಂಡರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಒಂದೊಂದು ಗಂಟೆಯೂ ಲೆಕ್ಕ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಅದರಲ್ಲಿ ರಾಜಿಯಿಲ್ಲ.

ಮಾರಾಟದ ಮಾತು ನಿಮಗೆ ಹಿಡಿಸಲಿಕ್ಕಿಲ್ಲ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೂವತ್ತು ದಿನಕ್ಕೇ ರಟ್ಟಿನ ಡಬ್ಬಿಯಲ್ಲಿ ಬಸ್ ಹತ್ತಿಸುವವರು ಇಲ್ಲೇ ಇದ್ದಾರೆ. ಕಾನೂನು ಒಂದು ಕಡೆ ಇರಲಿ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಅನ್ನುವುದನ್ನು ಮರಿ ಕಲಿಯುವುದು ಆ ನಾಲ್ಕು ವಾರಗಳಲ್ಲಿ, ಒಡಹುಟ್ಟಿದವುಗಳ ಕಿವಿ ಕಚ್ಚಿ, ತಿರುಗಿ ಕಚ್ಚಿಸಿಕೊಂಡು. ಕೊಡುವಾಗ ಒಂದು ವಾರಕ್ಕಾಗುವಷ್ಟು ಅದು ತಿನ್ನುತ್ತಿದ್ದ ಆಹಾರವನ್ನೇ ಕಟ್ಟಿಕೊಡಿ. ಹೊಸ ಮನೆ, ಹೊಸ ನೀರು, ಹೊಸ ಊಟ ಮೂರೂ ಒಂದೇ ದಿನ ಬೇಡ.

ಬೆಂಗಳೂರಿನಿಂದ ಫೋನ್ ಬರುತ್ತದೆ: ‘ಡಾಕ್ಟ್ರೇ, ಪಕ್ಕೆಲುಬು ಕಾಣ್ತಿದೆ, ಅಕ್ಕಪಕ್ಕದವರು ನಾಯಿಯನ್ನು ಉಪವಾಸ ಹಾಕಿದ್ದೀರಾ ಅಂತಾರೆ.’ ಬೆಳೆದ ಮುಧೋಳ ನಾಯಿಗೆ ಕೊನೆಯ ಕೆಲವು ಪಕ್ಕೆಲುಬು, ಸೊಂಟದ ಎಲುಬು ಕಾಣಬೇಕು, ತೊಡೆ ಮಾತ್ರ ತುಂಬಿರಬೇಕು. ಲ್ಯಾಬ್ರಡಾರ್ ಕಣ್ಣಿನಿಂದ ಇದನ್ನು ನೋಡಿ ದಪ್ಪ ಮಾಡಿದರೆ ಓಟಕ್ಕೆ ಹುಟ್ಟಿದ ಕೀಲುಗಳು ಹೊರೆ ಹೊತ್ತು ಸವೆಯುತ್ತವೆ. ಮೊಲ ಹಿಡಿಸುವುದು 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಓಟ ಬೇಡ ಎಂದು ಕಾಯ್ದೆ ಹೇಳಿಲ್ಲ, ಕಬ್ಬು ಕಡಿದ ಹೊಲದಲ್ಲಿ ಬೆಳಗಿನ ತಂಪಿನಲ್ಲಿ ಬಿಡಿ. ಉಂಡ ಕೂಡಲೇ ಮಾತ್ರ ಓಡಿಸಬೇಡಿ. ಎದೆ ಆಳವಾದ ನಾಯಿಗಳಲ್ಲಿ ತುಂಬಿದ ಹೊಟ್ಟೆ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಇನ್ನೊಂದು, ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಅರಿವಳಿಕೆಯ ಕೆಲವು ಔಷಧಿಗಳು ಇವಕ್ಕೆ ಬೇಗ ಇಳಿಯುವುದಿಲ್ಲ. ಆಪರೇಷನ್ ಮಾಡುವ ವೈದ್ಯರಿಗೆ ತಳಿಯ ಹೆಸರು ಮೊದಲೇ ಹೇಳಿ.

ಮಾತು ಮುಗಿಸಿ ಕೆಳಗಿಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ತಡೆದು ನಿಲ್ಲಿಸಿದರು. ‘ನಾಳಿ ಕುನ್ನಿ ಎಲ್ಲಾ ಹೊಕ್ಕಾವು. ಮೊಲಿ ಬಿಗದ ಕಲ್ಲಾಗ್ತಾವಲ್ಲೋ ಯಪ್ಪಾ, ಏನ್ ಮಾಡ್ಲಿ?’

ಎಂಟು ವಾರ ಆಯಿತೇ ಎಂದು ಕೇಳಿದೆ. ಅರವತ್ತು ದಿನ ಅಂದರು. ‘ನಾಳೆ ತಾಯಿಗೆ ಊಟ ಹಾಕಬೇಡಿ, ನೀರು ಅಷ್ಟೇ. ನಾಡಿದ್ದು ಮಾಮೂಲಿನ ಕಾಲು ಭಾಗ. ಮರುದಿನ ಅರ್ಧ, ಆಮೇಲೆ ಮುಕ್ಕಾಲು, ಐದನೇ ದಿನ ಪೂರ್ತಿ. ಹಿಂಡಬೇಡಿ, ಹಿಂಡಿದರೆ ಮತ್ತೆ ತುಂಬುತ್ತದೆ. ಕೆಂಪಗೆ ಬಿಸಿಯಾದರೆ ಕರೆತನ್ನಿ.’

ಅಜ್ಜಿ ಬೆರಳು ಮಡಚಿ ಎಣಿಸಿದರು. ‘ಕಾಲು, ಅರ್ಧ, ಮುಕ್ಕಾಲು’ ಅಂತ ಎರಡು ಸಲ ಹೇಳಿಕೊಂಡು, ‘ನಾಳಿ ಏಕಾದಶಿ ಅದ. ನನ್ನ ಜೋಡಿ ಅದೂ ಮಾಡ್ತದ ಬಿಡು’ ಅಂದು ಚಪ್ಪಲಿ ಹುಡುಕಲು ಹೋದರು.